ಕ್ರಾಬ್‌ಟ್ರೀ ಸಾಹೇಬರ ಮೂಗು

ಅಚ್ಚಿನ ಕೀಲು ಬಿಚ್ಚಿ ಎರಡು ಹೋಳುಗಳನ್ನೂ ಮೆಲ್ಲಗೆ ಸರಿಸಿದಾಗ ಕ್ರಾಬ್‌ಟ್ರೀ ಸಾಹೇಬರ ತಲೆ ತಟ್ಟೆಯ ಮೇಲೆ ಗಟ್ಟಿಯಾಗಿಯೇ ನಿಂತಿತು. ಮೂಗು ಮಾತ್ರ ಅಚ್ಚಿನಲ್ಲೇ ಉಳಿಯಿತು. ಅಡುಗೆಯ ಹೆಪ್ಸಿಬಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಮಹಡಿಯ ಮೇಲೆ ಹದಿನಾಲ್ಕು ಜನ ಅತಿಥಿಗಳು ಕುರಿಮಾಂಸ ಮುಗಿಸುತ್ತಿದ್ದರು.

ಉಣ್ಣೆ ಗಿರಣಿಯ ಒಡೆಯ ಆಂಬ್ರೋಸ್ ಕ್ರಾಬ್‌ಟ್ರೀ ಊರಿನ ಮೇಯರ್ ಆಗಿ ವಾರವಾಗಿತ್ತಷ್ಟೇ. ಮಧ್ಯಾಹ್ನದ ಔತಣದ ಕೊನೆಗೆ ತಮ್ಮದೇ ತಲೆಯ ಐಸ್‌ಕ್ರೀಂ ಬರಬೇಕೆಂದು ಅವರ ಹಠ. ಹಂಸ, ಅನಾನಸು, ಹೂಬುಟ್ಟಿಯ ತವರದ ಅಚ್ಚುಗಳು ಮನೆಯಲ್ಲಿ ಸಾಲಾಗಿದ್ದವು. ಅಂಥವು ಎಲ್ಲರ ಮನೆಯಲ್ಲೂ ಇವೆ ಎಂದು ಸಾಹೇಬರು, ಉಸಿರಾಟಕ್ಕೆ ಹೊಳ್ಳೆಗಳಿಗೆ ಹುಲ್ಲಿನ ಕೊಳವೆ ಸಿಕ್ಕಿಸಿಕೊಂಡು, ಮುಖಕ್ಕೆ ಗಾರೆ ಮೆತ್ತಿಸಿಕೊಂಡು ಅರ್ಧ ಗಂಟೆ ಮಲಗಿದ್ದರು. ಆ ಗಾರೆಯ ಮುಖ ಲಂಡನ್ನಿಗೆ ಹೋಗಿ ಅಚ್ಚಾಗಿ ಮರಳಿತ್ತು. ಹಂಸವೊಂದರ ಕತ್ತು ವಾಲಿದ್ದಕ್ಕೇ ಹಿಂದಿನ ಅಡುಗೆಯವಳು ಕೆಲಸ ಕಳೆದುಕೊಂಡಿದ್ದಳು. ಹೆಪ್ಸಿಬಾಳ ಕೈಯಲ್ಲಿ ಯಜಮಾನರ ಮೂಗೇ ಹೋಗಿತ್ತು.

ಅಳುತ್ತ ಕೂರುವಷ್ಟು ಹೊತ್ತಿರಲಿಲ್ಲ. ಅಚ್ಚಿಗಂಟಿದ್ದನ್ನು ಕೆರೆದಳು. ಅರ್ಧ ಕರಗಿ ಹೋಗಿತ್ತು. ಉಳಿದಷ್ಟನ್ನು ಉಪ್ಪು ಬೆರೆಸಿದ ಮಂಜುಗಡ್ಡೆಯಲ್ಲಿ ಹೂತು ಗಟ್ಟಿ ಮಾಡಿ, ಬೆಣ್ಣೆಯ ಚಾಕುವಿನಿಂದ ತಿದ್ದಿ ಅಂಟಿಸಿದಳು. ಚಿಕ್ಕದಾಗಿ, ನೆಟ್ಟಗೆ, ಮುದ್ದಾದ ಮೂಗೊಂದು ಎದ್ದಿತು. ಯಾರದೋ ಮೂಗು.

ತಡವೇಕೆಂದು ನೋಡಲು ಇಳಿದುಬಂದ ಯಜಮಾನಿ ಲವೀನಿಯಾ ಬಾಗಿಲಲ್ಲೇ ನಿಂತುಬಿಟ್ಟರು. ಹೆಪ್ಸಿಬಾ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಕೊಂಡು, ಈಗಲೇ ಗಂಟುಮೂಟೆ ಕಟ್ಟುತ್ತೇನೆ ಎಂದಳು. ಯಜಮಾನಿ ತಟ್ಟೆಯನ್ನೊಮ್ಮೆ ಸುತ್ತು ಬಂದರು.

"ನಾನು ಮದುವೆಯಾದಾಗ ಇದ್ದದ್ದು ಈ ಮೂಗೇ ಕಣೇ. ಪೋರ್ಟ್ ವೈನು ಹೆಚ್ಚಾದ್ಮೇಲೆ ಅದು ಈಗಿನ ಹಾಗೆ ಊದ್ಕೊಂಡದ್ದು. ಮುಟ್ಬೇಡ, ಕಳಿಸು."

ತಟ್ಟೆ ಮೇಲೇರಿತು. ಹೆಪ್ಸಿಬಾ ಮೆಟ್ಟಿಲ ಬುಡದಲ್ಲಿ ಕಿವಿಗೊಟ್ಟು ನಿಂತಳು. ಮೊದಲು ಚಪ್ಪಾಳೆ ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಚಮಚದ ಸದ್ದು ಸಹ ಇಲ್ಲ. ಕಾಲು ಗಂಟೆಯ ಮೇಲೆ ಯಜಮಾನಿಯೇ ತಟ್ಟೆ ಹಿಡಿದು ಬಂದರು. ಕೆನ್ನೆ ಕೊಂಚ ಜಾರಿದ್ದರೂ ಸಾಹೇಬರು ಇಡಿಯಾಗಿದ್ದರು.

ಮೇಯರ್ ಎದುರಿಗೇ ಮೇಯರ್ ತಲೆಗೆ ಚಮಚ ಹಾಕುವ ಧೈರ್ಯ ಔತಣಕ್ಕೆ ಬಂದ ನಗರಸಭೆಯ ಒಬ್ಬ ಸದಸ್ಯನಿಗೂ ಬರಲಿಲ್ಲವಂತೆ. ನೀವು ಮೊದಲು, ತಾವು ಮೊದಲು ಎನ್ನುತ್ತ ಎಲ್ಲರೂ ಬರೀ ಕಾಫಿ ಕುಡಿದು ಎದ್ದರಂತೆ.

"ಯಜಮಾನ್ರು ಮೂಗು ನೋಡ್ಲಿಲ್ವಾ ಅಮ್ಮಾವ್ರೆ?"

"ನೋಡಿದ್ರು. ಅಚ್ಚು ಮಾಡಿದವನು ದೊಡ್ಡ ಕಲಾವಿದ, ಒಂದು ಕೂದಲೆಳೆಯೂ ವ್ಯತ್ಯಾಸ ಇಲ್ಲ ಅಂದ್ರು."

ಹೆಪ್ಸಿಬಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಲವೀನಿಯಾ ಮೊದಲ ಬಾರಿಗೆ ಅಡುಗೆಮನೆಯ ಮಣೆಯ ಮೇಲೆ ಕುಳಿತು, ಎರಡು ಚಮಚ ತರಲು ಹೇಳಿದರು. ಎಲ್ಲಿಂದ ಶುರು ಮಾಡುವುದೆಂದು ಹೆಪ್ಸಿಬಾ ಅಳುಕುತ್ತಿದ್ದರೆ, ಯಜಮಾನಿ ಬಲಗಿವಿಯನ್ನು ಬುಡದಿಂದಲೇ ಎತ್ತಿ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಈ ಕಿವಿ ಒಂದು ದಿನಕ್ಕಾದ್ರೂ ನನ್ನ ಉಪಯೋಗಕ್ಕೆ ಬಂತಲ್ಲ," ಎಂದರು.