ಅದೇ ಜೀನು

ವರದಿಯ ಮೂರನೆಯ ಪುಟದಲ್ಲಿ ಆ ಜೀನಿನ ಹೆಸರು ಕಂಡಾಗ ಮಾಲಿನಿಗೆ ಮೊದಲು ಅನ್ನಿಸಿದ್ದು, ತನ್ನ ಲ್ಯಾಬಿನ ಹಾಳೆಯೇನಾದರೂ ಇದರೊಳಗೆ ಸೇರಿಹೋಗಿದೆಯೇ ಎಂದು. ಪುಟ ಮಗುಚಿ ನೋಡಿದಳು. ಮೇಲೆ ಅಪ್ಪನ ಹೆಸರೇ ಇತ್ತು: ಶಿವಮಲ್ಲಪ್ಪ, ಅರವತ್ತೊಂದು ವರ್ಷ, ಯಳಂದೂರು.

ಕೊಳ್ಳೇಗಾಲದ ನರರೋಗದ ಡಾಕ್ಟರ ಕ್ಲಿನಿಕ್ಕಿನ ಜಗಲಿ ಅದು. ಪಕ್ಕದ ಬೆಂಚಿನಲ್ಲಿ ಅಪ್ಪ ಬಲಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದ. ಎರಡು ವರ್ಷದಿಂದ ಆ ಕೈ ನಡುಗುತ್ತಿತ್ತು. ರೇಷ್ಮೆಗೂಡನ್ನು ಬೆರಳಲ್ಲಿ ಒತ್ತಿಯೇ ನೂಲು ಎಂಥದ್ದೆಂದು ಹೇಳುತ್ತಿದ್ದ ವ್ಯಾಪಾರಿ, ಈಗ ಅಂಗಿಯ ಗುಂಡಿ ಹಾಕಲೂ ಹೆಂಡತಿಯನ್ನು ಕರೆಯುತ್ತಿದ್ದ. ಮನೆತನದಲ್ಲೇ ಬಂದದ್ದೋ ಏನೋ ಎಂದು ಡಾಕ್ಟರು ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದ್ದರು.

ಮಾಲಿನಿ ಮತ್ತೆ ಮೂರನೆಯ ಪುಟಕ್ಕೆ ಬಂದಳು. ಮೈಸೂರಿನ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ ಅವಳು ಯೀಸ್ಟಿನೊಳಗೆ ಇದೇ ಜೀನನ್ನು, ಇದೇ ಜಾಗದಲ್ಲಿ, ಬೇಕೆಂದೇ ಕೆಡಿಸಿ ನೋಡುತ್ತಿದ್ದಳು. ಮೊದಲ ಸಲ ಕೆಡಿಸಲು ಸಾಧ್ಯವಾದ ದಿನ ಎಲ್ಲರಿಗೂ ಮೈಸೂರುಪಾಕು ಹಂಚಿದ್ದಳು.

"ಏನ್ ಬರ್ದದೆ ಮಗಾ?"

ಸುಳ್ಳು ನಾಲಿಗೆಗೆ ಬರಲಿಲ್ಲ. "ಜೀವಕೋಶಕ್ಕೆ ಸುತ್ತಲೂ ಪೊರೆ ಇರ್ತದಪ್ಪಾ. ಅದ್ರಲ್ಲಿ ಬಾಗಿಲಿನಂಗೆ ಪ್ರೋಟೀನ್ ಇರ್ತವೆ. ಕೋಶ ಅವನ್ನ ಆಗಾಗ ಒಳಕ್ಕೆ ಎಳ್ಕೊಂಡು, ಹಾಳಾಗಿರೋವ್ನ ಅರಗಿಸ್ಬುಟ್ಟು, ಚೆನ್ನಾಗಿರೋವ್ನ ತಿರ್ಗ ಪೊರೆಗೆ ಕಳಿಸ್ತದೆ. ಕಳಿಸೋ ಆ ಕೆಲ್ಸ ನಿನ್ನಲ್ಲಿ ಕೆಟ್ಟದೆ."

"ನೀನು ಓದ್ತಿರದೂ ಇದೇ ಅಲ್ವಾ? ಬ್ರೆಡ್ಡು ಉಬ್ಬಸೋ ಅದ್ರಲ್ಲಿ?"

"ಇದೇಯ."

"ಅಂಗಾರೆ ಬುಡು. ನಿಂಗೆ ಗೊತ್ತದೆ, ಸರಿ ಮಾಡ್ತೀಯ." ಅಪ್ಪನ ಮುಖ ಸಡಿಲಾಯಿತು.

ಯೀಸ್ಟಿಗಾದರೆ ಒಳ್ಳೆಯ ಜೀನು ಸೇರಿಸಿ ವಾರದೊಳಗೆ ಸರಿ ಮಾಡುತ್ತಿದ್ದಳು. ಅಪ್ಪನಿಗೆ ಹಾಗೆ ಮಾಡುವುದು ಅವಳಿಗಷ್ಟೇ ಅಲ್ಲ, ಯಾರಿಗೂ ಗೊತ್ತಿರಲಿಲ್ಲ. "ಇಲ್ಲಪ್ಪ," ಅಂದಳು. "ನಡುಕ ತಗ್ಗಕ್ಕೆ ಮಾತ್ರೆ ಅವೆ. ಅದ ಸರಿ ಮಾಡೋದು ನಂಗೆ ಗೊತ್ತಿಲ್ಲ."

ಹನೂರಿನ ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು. "ನಮ್ಮಪ್ಪಂಗೂ ಇತ್ತು, ಅಕ್ಕಂಗೂ ಬಂತು," ಎಂದು ತನ್ನಷ್ಟಕ್ಕೇ ಅಂದುಕೊಂಡವನು ಸಟ್ಟನೆ ಮಗಳ ಕಡೆ ತಿರುಗಿದ. ಮುಖ ನೋಡಲಿಲ್ಲ, ವರದಿ ಹಿಡಿದಿದ್ದ ಅವಳ ಕೈಗಳನ್ನೇ ನೋಡಿದ. ಮಾಲಿನಿಯೂ ತನ್ನ ಬೆರಳುಗಳನ್ನು ನೋಡಿಕೊಂಡಳು. ನಾಲ್ಕು ವರ್ಷ ಇದನ್ನೇ ಓದಿದವಳಿಗೆ ಆ ಯೋಚನೆ ಇಲ್ಲಿಯವರೆಗೆ ಬಂದಿರಲೇ ಇಲ್ಲ.

"ನಿಂದೂ ನೋಡ್ಸಿದ್ದೀಯಾ?"

"ಇಲ್ಲ."

"ನಾನಿರೋಗಂಟ ನೋಡುಸ್ಬ್ಯಾಡ ಕಣವ್ವ," ಅಂದ ಶಿವಮಲ್ಲಪ್ಪ.