ಐದು ಗಂಟೆಯ ಗೇಟು

ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ಯಾವುದೋ ಲಾರಿಯ ಕ್ಲಚ್ ಸುಟ್ಟ ವಾಸನೆ ಬಂದರೆ ನನಗೆ ಪೀಣ್ಯದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಪೈಪು ಹಾಕಲು ಅಗೆದು, ಬರೀ ಮಣ್ಣು ಮುಚ್ಚಿದ್ದ ನಮ್ಮ ಬೀದಿಯಲ್ಲಿ ಅಪ್ಪನ ಪಿಕಪ್ಪಿನ ಹಿಂದಿನ ಚಕ್ರ ಹೂತುಹೋಗಿತ್ತು. ಅದರಲ್ಲಿದ್ದ ಬೋಲ್ಟಿನ ಚೀಲಗಳು ಐದು ಗಂಟೆಯೊಳಗೆ ಕಾರ್ಖಾನೆಯ ಗೇಟು ದಾಟಬೇಕಿತ್ತು. ಇನ್ನೊಂದು ಸಲ ತಡವಾದರೆ ಆ ಕೆಲಸ ಬೇರೆ ಗಾಡಿಗೆ ಹೋಗುತ್ತದೆ ಎಂದು ಅಪ್ಪ ಬೆಳಿಗ್ಗೆಯಿಂದ ಹೇಳುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಇನ್ನೂ ಮಲಗದಿದ್ದ ಅಮ್ಮ ಅವರ ಜೊತೆ ಸೇರಿ, ಭಾರ ಕಡಿಮೆಯಾಗಲೆಂದು ಚೀಲಗಳನ್ನೆಲ್ಲ ಜಗಲಿಗೆ ಹೊತ್ತಳು. ಖಾಲಿ ಗಾಡಿಯ ಚಕ್ರ ನಿಂತಲ್ಲೇ ತಿರುಗಿ, ಕ್ಲಚ್ ಸುಟ್ಟ ವಾಸನೆ ಎಬ್ಬಿಸಿ, ಇನ್ನಷ್ಟು ಆಳಕ್ಕೆ ಇಳಿಯಿತು.

ಮನೆ ಮಾಲೀಕರಾದ ಗೌರಮ್ಮಜ್ಜಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. "ಇದೇನು ಎತ್ತಿನ ಗಾಡಿ ಏನಪ್ಪಾ, ಇಳಿಸಿದ್ರೆ ಏಳಕ್ಕೆ? ಇಂದ್ಗಡೆ ತೂಕ ಇದ್ರೇನೇ ಚಕ್ರ ನೆಲ ಕಚ್ಚೋದು."

"ಮೊದ್ಲೇ ಹೇಳ್ಬಾರ್ದಾ ಅಜ್ಜಿ?" ಎಂದರು ಅಪ್ಪ.

"ನೀನು ಕೇಳಿದ್ಯಾ?"

ಚೀಲಗಳು ಮತ್ತೆ ಒಂದೊಂದಾಗಿ ಗಾಡಿ ಏರಿದವು. ಅಮ್ಮ ಕೊನೆಯ ಚೀಲದ ಮೇಲೆ ಕೂತು, "ನನ್ ತೂಕಾನೂ ಇರ್ಲಿ ಬಿಡಿ" ಎಂದಳು. ಚಕ್ರದಡಿ ಗೋಣಿ ತುರುಕಿದ ಮೇಲೆ ಪಿಕಪ್ ಎರಡು ಸಲ ಜಗ್ಗಿ ಹೊರಬಂತು.

ಮುಖ್ಯರಸ್ತೆಯಲ್ಲಿ ಅಪ್ಪ ಹಿಂದಿರುಗಿ ನೋಡಿದರು. ಅಮ್ಮ ಮಣ್ಣಾದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಚೀಲಕ್ಕೊರಗಿ ನಿದ್ದೆಹೋಗಿದ್ದಳು. ಅಲ್ಲಿಂದ ಮುಂದೆ ಅವರು ಒಂದೊಂದು ಗುಂಡಿಯನ್ನೂ ಮೆಲ್ಲಗೆ ದಾಟಿಸಿದರು. ಅಪ್ಪನ ಪಕ್ಕದಲ್ಲಿ ಕೂತಿದ್ದ ನಾನು ಗಡಿಯಾರ ನೋಡುತ್ತಿದ್ದೆ.

ನಾವು ತಲುಪಿದಾಗ ಗೇಟು ಹಾಕಿತ್ತು. ಅಪ್ಪ ಹಾರನ್ ಹೊಡೆಯಲಿಲ್ಲ.