ಹೂದಾನಿಯ ಕೊರಳಪಟ್ಟಿ

"ಪಟ್ಟಿ ಬಿಚ್ಚಿ ಒಳಗೆ ನೋಡದೆ ಇದನ್ನ ಪ್ರದರ್ಶನಕ್ಕೆ ತಗೊಂಡು ಹೋಗೋ ಹಾಗಿಲ್ಲ ಸರ್," ಎಂದಳು ಮ್ಯೂಸಿಯಮ್ಮಿನಿಂದ ಬಂದ ತಜ್ಞೆ. ಮೇಜಿನ ಮೇಲೆ ಕಂಬಳಿ ಹಾಸಿ ನಿಲ್ಲಿಸಿದ್ದ ಹಳೆಯ ಫ್ರೆಂಚ್ ಪಿಂಗಾಣಿ ಹೂದಾನಿ ಗಾಢ ನೀಲಿಯದು. ಬಾಯಂಚನ್ನು ಮುಚ್ಚಿಕೊಂಡು ಚಿನ್ನದ ಲೇಪದ ಕಂಚಿನ ಪಟ್ಟಿ, ಪಟ್ಟಿಗೆ ಎರಡು ಹಿಡಿಕೆ.

"ಧಾರಾಳವಾಗಿ ಬಿಚ್ಚಿ," ಎಂದ ಮನೆಯೊಡೆಯ. ದೊಡ್ಡ ಮನೆತನದವನು, ಮನೆ ತುಂಬ ಪಿಂಗಾಣಿ ಕೂಡಿಟ್ಟವನು. ಊರವರು ಬೆನ್ನ ಹಿಂದೆ ಅವನನ್ನು ಪಿಂಗಾಣಿ ದೊರೆ ಎನ್ನುತ್ತಿದ್ದರು.

ಕಿಟಕಿಯ ಬಳಿ ನಿಂತಿದ್ದ ಹೆಂಡತಿ ತಟ್ಟನೆ ಇತ್ತ ತಿರುಗಿದಳು. ಪಟ್ಟಿಯ ಅಡಿಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತು. ವರ್ಷಗಳ ಹಿಂದೆ ಗಂಡ ಪರವೂರಿಗೆ ಹೋಗಿದ್ದಾಗ, ಧೂಳು ಒರೆಸುವ ಅವಸರದಲ್ಲಿ ಹೂದಾನಿಯನ್ನು ತಳದಿಂದ ಎತ್ತದೆ ಹಿಡಿಕೆಯಿಂದ ಎತ್ತಿದ್ದಳು. ಹಾಗೆ ಎತ್ತಬಾರದೆಂದು ಈ ಮನೆಯ ಕೆಲಸದವರಿಗೂ ಗೊತ್ತು. ಪಟ್ಟಿ ಕೈಗೆ ಬಂತು, ಜೊತೆಗೆ ಬಾಯಂಚಿನ ಒಂದು ಚೂರೂ ಬಂತು. ಮಗಳ ಸ್ಕೂಲ್ ಚೀಲದಲ್ಲಿದ್ದ ಗೋಂದಿನಿಂದ ಚೂರನ್ನು ಮೆತ್ತಿ, ಮೇಲೆ ಪಟ್ಟಿ ಕೂರಿಸಿ ಸುಮ್ಮನಾಗಿದ್ದಳು. ಒಂದು ಸಾಸರ್ ಒಡೆದದ್ದಕ್ಕೆ ಒಡಹುಟ್ಟಿದ ತಮ್ಮನಿಗೇ ಹೊಸಿಲು ತುಳಿಯಬೇಡ ಎಂದವನು ಈ ಗಂಡ. ಇದು ತಿಳಿದರೆ ತನ್ನನ್ನು ಮನೆಯಲ್ಲಿ ಉಳಿಸಿಯಾನೇ?

ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಎನ್ನುತ್ತಾರಲ್ಲ, ಅಂದಿನಿಂದ ಅವಳದು ಅದೇ ಪಾಡು. ಗಂಡ ಹಾಕಿದ ಗೆರೆ ದಾಟಲಿಲ್ಲ. "ಪಿಂಗಾಣಿ ಇರೋ ಮನೇಲಿ ಚಿಕ್ಕ ಮಕ್ಕಳು ಸರಿಹೋಗಲ್ಲ" ಎಂದು ಅವನು ಎಂಟು ವರ್ಷದ ಮಗಳನ್ನು ಹಾಸ್ಟೆಲ್ಲಿಗೆ ಕಳಿಸಿದಾಗಲೂ ತುಟಿ ಪಿಟಕ್ಕೆನ್ನಲಿಲ್ಲ. ಮಗಳು ಕಾರಿನ ಗಾಜಿಗೆ ಮುಖ ಒತ್ತಿ ಅಳುತ್ತಿದ್ದಳು, ಇವಳು ಕೈ ಬೀಸುತ್ತಾ ನಿಂತಿದ್ದಳು. ಆ ಮಗಳು ಈಗ ರಜೆಗೆ ಬಂದರೂ ನೆಂಟರ ಹಾಗೆ ಇದ್ದು ಹೋಗುತ್ತಾಳೆ.

"ಬೇಡ ಬಿಡಿ," ಎಂದಳು. ಹೆಂಡತಿ ಕಿಟಕಿ ಬಿಟ್ಟು ಮೇಜಿನ ಬಳಿ ಬಂದಳು. "ಹಳೇ ವಸ್ತು. ಬಿಚ್ಚೋಕೆ ಹೋಗಿ ಏನಾದ್ರೂ ಆದ್ರೆ?"

"ಅವರ ಕಸುಬು ಅವರಿಗೆ ಗೊತ್ತು ಕಣೇ. ನೀನ್ಯಾಕೆ ಬೆವರ್ತಿದ್ದೀಯಾ?" ದೊರೆ ನಕ್ಕ.

ತಜ್ಞೆ ಒಳಗಿನ ಪುಟ್ಟ ಕೊಂಡಿಗಳನ್ನು ಒಂದೊಂದಾಗಿ ಸಡಿಲಿಸಿ, ಪಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಹೆಂಡತಿ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಇಲ್ಲೊಂದು ಚೂರು ಬಿಟ್ಟುಹೋಗಿತ್ತು," ಎಂದಳು ತಜ್ಞೆ, ಭೂತಗನ್ನಡಿ ಹಿಡಿದು. "ಆದ್ರೆ ರಿಪೇರಿ ಮಾಡಿರೋದು ಪಳಗಿದ ಕೈ. ಕೂದಲೆಳೆಯಷ್ಟು ಗೆರೆ ಇದೆ, ಅಷ್ಟೇ. ಬಣ್ಣಾನೂ ಹೊಂದಿಸಿದ್ದಾರೆ."

ಹೆಂಡತಿ ಬಗ್ಗಿ ನೋಡಿದಳು. ತಾನು ಮೆತ್ತಿದ್ದ ಗೋಂದಿನ ಗುರುತೂ ಅಲ್ಲಿರಲಿಲ್ಲ.

"ನಾನೇ ಮಾಡಿಸಿದ್ದು," ಎಂದ ದೊರೆ. "ಊರಿಂದ ಬಂದ ವಾರದಲ್ಲೇ. ಪಟ್ಟಿ ಸೊಟ್ಟಗೆ ಕೂತಿತ್ತು. ನನ್ನ ಕಣ್ಣಿಗೆ ಬೀಳದೆ ಇರುತ್ತಾ?"

"ಹಾಗಾದ್ರೆ ಮಗಳನ್ನ ಕಳಿಸಿದಾಗ್ಲೂ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮತ್ತೆ ಯಾಕೆ ಒಂದು ಮಾತೂ ಆಡ್ಲಿಲ್ಲ?"

"ಆಡಿದ್ರೆ ನಿನ್ನ ಹೆದರಿಕೆ ಅವತ್ತೇ ಮುಗಿದುಹೋಗ್ತಿತ್ತು," ಎಂದ ಅವನು ಸಲೀಸಾಗಿ. "ಅದು ಇದ್ದಿದ್ದಕ್ಕೆ ತಾನೇ ಮಿಕ್ಕಿದ್ದೆಲ್ಲ ಒಡೀದೆ ಉಳಿದಿರೋದು?"

ತಜ್ಞೆ ತಲೆ ತಗ್ಗಿಸಿ, ಒರೆಸಿದ ಭೂತಗನ್ನಡಿಯನ್ನೇ ಮತ್ತೆ ಒರೆಸತೊಡಗಿದಳು. ಹೆಂಡತಿ ಕುರ್ಚಿ ಬಿಟ್ಟು, ಪಿಂಗಾಣಿ ತುಂಬಿದ ಗೋಡೆಯುದ್ದದ ಗಾಜಿನ ಬೀರುವಿನತ್ತ ನಡೆದಳು. ಬಾಗಿಲು ತೆರೆದು ಮೇಲಿನ ಸಾಲಿಗೆ ಕೈ ಚಾಚಿದಳು.

"ಏ... ಏನ್ ಮಾಡ್ತಿದ್ದೀಯಾ?" ಎಂದ ದೊರೆ.

ಅವನು ಹಾಗೆ ನಡುಗುವ ದನಿಯಲ್ಲಿ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಆದರೂ ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಅದು ಅವಳದೇ ಆಗಿತ್ತು.